ಅಣ್ಣನ ಅಂಕಿ

ಜನರಲ್ ಹುಟ್ಟಿದ್ದು ಜರ್ಮನಿಯ ಪ್ರಷ್ಯ ರಾಜ್ಯದಲ್ಲಿ, ಬಾಲ್ಟಿಕ್ ಸಮುದ್ರಕ್ಕೆ ಹತ್ತಿರದ ಒಂದು ಸೊರಗಿದ ಜಮೀನ್ದಾರಿ ಮನೆಯಲ್ಲಿ. ಮನೆಗೆ ಇಬ್ಬರು ಗಂಡುಮಕ್ಕಳು, ಇವನು ಕಿರಿಯ. ಹನ್ನೊಂದನೆಯ ವಯಸ್ಸಿಗೆ ಕೆಡೆಟ್ ಶಾಲೆ. ಹದಿನೆಂಟಕ್ಕೆ, ಅಣ್ಣ ಆಗಲೇ ಇದ್ದ ಹುಸಾರ್ ರೆಜಿಮೆಂಟಿನಲ್ಲಿ ಲೆಫ್ಟಿನೆಂಟ್. ಹುಸಾರ್ ಎಂದರೆ ಹಗುರವಾದ ಕುದುರೆಗಳ ಮೇಲೆ ಹೋಗುವ ಪಡೆ. ಆಸ್ಟ್ರಿಯಾದ ವಿರುದ್ಧ ಒಂದು ಯುದ್ಧ, ಫ್ರಾನ್ಸಿನ ವಿರುದ್ಧ ಇನ್ನೊಂದು. ಆಮೇಲೆ ಬರೀ ಶಾಂತಿ. ಆ ಶಾಂತಿಯಲ್ಲೇ ಅವನು ಮೇಲೇರಿದ: ರೆಜಿಮೆಂಟಿನ ಮುಖ್ಯಸ್ಥ, ಬ್ರಿಗೇಡಿನ ಮುಖ್ಯಸ್ಥ, ಕೊನೆಗೆ ಅಶ್ವದಳದ ಜನರಲ್. ಕುದುರೆಯ ಬೆನ್ನು ಹುಣ್ಣಾಗದಂತೆ ಜೀನು ಕಟ್ಟುವ ವಿಧಾನದ ಬಗ್ಗೆ ಒಂದು ಕೈಪಿಡಿ ಬರೆದ. ಒಂದು ಶರತ್ಕಾಲದ ಕವಾಯತಿನ ಅಣಕು ಯುದ್ಧದಲ್ಲಿ ಚಕ್ರವರ್ತಿ ನಿಂತಿದ್ದ ಪಕ್ಷವನ್ನು ಇವನ ಪಕ್ಷ ಸೋಲಿಸಿತು. ಮರುವಸಂತದಲ್ಲಿ ಆರೋಗ್ಯದ ಕಾರಣ ನಿವೃತ್ತನಾದ. ಆರೋಗ್ಯ ಚೆನ್ನಾಗಿತ್ತು. ಇನ್ನೂ ಹದಿನಾಲ್ಕು ವರ್ಷ ಬದುಕಿ, ಊರಿನಲ್ಲೇ ಸತ್ತ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಪ್ಪು ಹುಟ್ಟಿದ್ದೇ ಆ ಹೆಸರಿನ ಪಕ್ಕದಿಂದ.

ತೊಂಬತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಆರು ವರ್ಷ ಉಪಸಂಪಾದಕನಾಗಿದ್ದ ನಾನು, ಪತ್ರಿಕೋದ್ಯಮದ ಒಂದು ವರ್ಷದ ಕೋರ್ಸಿಗೆಂದು ಲಂಡನ್ನಿಗೆ ಬಂದಿದ್ದೆ. ಕೋರ್ಸ್ ಮುಗಿಯುವ ಹೊತ್ತಿಗೆ ಸೈನಿಕರ ಜೀವನಚರಿತ್ರೆಗಳ ಕೋಶವೊಂದನ್ನು ತರುತ್ತಿದ್ದ ಪ್ರಕಾಶನ ಸಂಸ್ಥೆ ನನ್ನನ್ನು ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡಿತು. ಧಾರವಾಡದ ಸಂಜೆ ತರಗತಿಯಲ್ಲಿ ಕಲಿತ ಜರ್ಮನ್ ಆಗ ಕೆಲಸಕ್ಕೆ ಬಂತು. ಸಂಪಾದಕಿ ಅರವತ್ತು ದಾಟಿದ ಇಂಗ್ಲಿಷ್ ಹೆಂಗಸು, ಹಳೆಯ ಪತ್ರಕರ್ತೆ. ಮೊದಲ ದಿನವೇ ಕರೆದು ಹೇಳಿದರು: ಸಣ್ಣ ಟಿಪ್ಪಣಿಗಳನ್ನು ಯಾರಾದರೂ ಬರೆಯುತ್ತಾರೆ, ನಿನ್ನ ಪರೀಕ್ಷೆ ಈ ಜನರಲ್, ಒಂಬೈನೂರು ಪದ, ಅದು ನಿಂತರೆ ನಿನ್ನ ವರ್ಕ್ ಪರ್ಮಿಟ್ಟಿಗೆ ಸಂಸ್ಥೆ ಅರ್ಜಿ ಹಾಕುತ್ತದೆ, ನಿಲ್ಲದಿದ್ದರೆ ಇಲ್ಲ. ವೀಸಾ ಮುಗಿದ ದಿನ ನಾನು ಊರಿಗೆ ಹೊರಡಬೇಕು. ಇದರಲ್ಲಿ ತಿಳಿಯದಿರುವಂಥದ್ದು ಏನೂ ಇರಲಿಲ್ಲ.

ನಾನಿದ್ದದ್ದು ಫೆಲ್ಥಮ್‌ನಲ್ಲಿ, ಅಣ್ಣನ ಮನೆಯಲ್ಲಿ. ಅಣ್ಣ ಏರ್‌ಪೋರ್ಟಿನ ಬ್ಯಾಗೇಜ್ ವಿಭಾಗದಲ್ಲಿದ್ದ. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಬಂದು ಮಲಗುತ್ತಿದ್ದ, ನಾನು ಬರುವ ಹೊತ್ತಿಗೆ ಎದ್ದು ಚಹಾ ಕುಡಿಯುತ್ತಾ ಕೂತಿರುತ್ತಿದ್ದ. ಜನರಲ್‌ನ ಕತೆ ಅವನಿಗೆ ಧಾರಾವಾಹಿಯಂತಾಗಿತ್ತು.

"ಏನಂತಾನೋ ನಿನ್ನ ಕುದುರಿ ಸಾಹೇಬ? ಇವತ್ತರ ಯುದ್ಧಕ್ಕ ಹೋದನೋ ಇಲ್ಲೋ?"

"ಇಲ್ಲ. ಇನ್ನೂ ಲಾಯದಾಗ ಅದಾನ."

"ಒಂದು ವಾರಾತಲ್ಲೋ ಲಾಯದಾಗ! ನಮ್ಮ ಬೆಲ್ಟಿನ ಮ್ಯಾಲೆ ಬ್ಯಾಗ್ ಸಹಿತ ಇಷ್ಟು ಲೇಟ್ ಬರೂದಿಲ್ಲ."

"ನಿಮ್ಮ ಬ್ಯಾಗ್ ಬರೂದs ಇಲ್ಲ, ಲೇಟ್ ಎಲ್ಲಿಂದ ಬಂತು?" ಒಳಗಿನಿಂದ ವೈನಿ, ಅಂದರೆ ಅಣ್ಣನ ಹೆಂಡತಿ, ಹೇಳುತ್ತಿದ್ದರು. ಅವರು ಹತ್ತಿರದ ಶಾಲೆಯ ಅಡುಗೆಮನೆಯಲ್ಲಿ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದರು. ಹನ್ನೆರಡು ವರ್ಷದ ಮಗಳು ಟಿವಿಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದಳು: "ಕಾಕಾ, ಡಿಡ್ ಹೀ ಲೈಕ್ ಹಿಸ್ ಹಾರ್ಸ್?"

"ಅದರ ಬಗ್ಗೆ ದಾಖಲೆ ಇಲ್ಲ" ಎಂದೆ ಒಮ್ಮೆ.

"ದಟ್ಸ್ ಸೋ ಬೋರಿಂಗ್."

ದಾಖಲೆ ಇದ್ದದ್ದು ಕೊಲಿಂಡೇಲ್‌ನಲ್ಲಿ. ಹಳೆಯ ಪತ್ರಿಕೆಗಳ ಗ್ರಂಥಾಲಯ ಆಗ ಅಲ್ಲಿ, ಟ್ಯೂಬ್ ಎನ್ನುವ ನೆಲದಡಿಯ ರೈಲಿನ ನಿಲ್ದಾಣದ ಎದುರಿಗೇ ಇತ್ತು. ಫೆಲ್ಥಮ್‌ನಿಂದ ರೈಲಿನಲ್ಲಿ ವಾಟರ್ಲೂ, ಅಲ್ಲಿಂದ ನಾರ್ದರ್ನ್ ಲೈನ್. ಬಾಗಿಲಿನಷ್ಟು ದೊಡ್ಡ ಕಟ್ಟುಗಳನ್ನು ತಳ್ಳುಗಾಡಿಯಲ್ಲಿ ತಂದು ಮೇಜಿನ ಮೇಲೆ ಇಡುತ್ತಿದ್ದರು. ಹಾಳೆ ತಿರುವಿದಷ್ಟೂ ಅಂಚು ಪುಡಿಯಾಗಿ ಅಂಗಿಯ ತೋಳಿಗೆ ಮೆತ್ತಿಕೊಳ್ಳುತ್ತಿತ್ತು. ಹುಬ್ಬಳ್ಳಿಯ ಡೆಸ್ಕಿನಲ್ಲಿ ನನಗೆ ಕಲಿಸಿದ ಮೊದಲ ನಿಯಮ ಯಾವ ಸಂಗತಿಯನ್ನೂ ಒಂದೇ ಕಡೆ ಕೇಳಿ ಬರೆಯಬೇಡ ಎಂಬುದು. ಆ ನಿಯಮ ಇಲ್ಲಿಯೂ ಸಾಕಾಗುತ್ತದೆ ಎಂದುಕೊಂಡಿದ್ದೆ.

ಏಳನೆಯ ವಾರ ನನಗೆ ಒಂದು ವರದಿ ಸಿಕ್ಕಿತು. ಫ್ರಾನ್ಸಿನ ಯುದ್ಧದ ಸಮಯ ಲಂಡನ್ನಿನ ಒಂದು ಪತ್ರಿಕೆಯ ಬಾತ್ಮೀದಾರ ಪ್ರಷ್ಯದ ಸೇನೆಯ ಜೊತೆಗಿದ್ದು ಬರೆದದ್ದು. ಒಂದು ಹಳ್ಳಿಯ ಹೊರಗೆ ಪ್ರಷ್ಯದ ಕಾಲಾಳು ಸಿಕ್ಕಿಬಿದ್ದಿದೆ. ಎದುರಿನ ದಿಬ್ಬದ ಮೇಲೆ ಫ್ರೆಂಚರ ತೋಪುಗಳು. ಒಬ್ಬ ಹುಸಾರ್ ಕ್ಯಾಪ್ಟನ್ ತನ್ನ ತುಕಡಿಯನ್ನು ಬೀಟ್‌ರೂಟ್ ಹೊಲದ ಅಡ್ಡ ಓಡಿಸಿಕೊಂಡು ನೇರ ತೋಪುಗಳ ಬಾಯಿಗೆ ಹೋಗುತ್ತಾನೆ. ತೋಪುಗಳು ಅರ್ಧ ಗಂಟೆ ಸುಮ್ಮನಾಗುತ್ತವೆ. ಕಾಲಾಳು ಪಾರಾಗುತ್ತದೆ. ತುಕಡಿಯಲ್ಲಿ ಹೆಚ್ಚಿನವರು ಹಿಂದಕ್ಕೆ ಬರುವುದಿಲ್ಲ. ಕ್ಯಾಪ್ಟನ್ ಬರುತ್ತಾನೆ. ಅವನ ಹೆಸರಿತ್ತು, ಹೆಸರಿನ ಮುಂದೆ ಒಂದು ರೋಮನ್ ಅಂಕಿ ಇತ್ತು: ಒಂದು.

ಪ್ರಷ್ಯದ ಸೇನೆಯಲ್ಲಿ ಒಂದು ಪದ್ಧತಿಯಿತ್ತು. ಒಂದೇ ರೆಜಿಮೆಂಟಿನಲ್ಲಿ ಒಂದೇ ಮನೆತನದ ಹೆಸರಿನ ಇಬ್ಬರು ಅಧಿಕಾರಿಗಳಿದ್ದರೆ ಅವರನ್ನು ಹಿರಿತನದ ಮೇಲೆ ಎಣಿಸುತ್ತಿದ್ದರು. ಹಿರಿಯನ ಹೆಸರಿನ ಮುಂದೆ ಒಂದು, ಕಿರಿಯನ ಮುಂದೆ ಎರಡು. ನಾನು ಆ ಯುದ್ಧ ಮುಗಿದ ಮೇಲೆ ಅಚ್ಚಾದ ಸೇನೆಯ ವಾರ್ಷಿಕ ಪಟ್ಟಿಯನ್ನು ತರಿಸಿದೆ. ಅದರಲ್ಲಿ ನಮ್ಮವನ ಹೆಸರಿನ ಮುಂದೆ ಒಂದು ಎಂದೇ ಇತ್ತು, ಪದವಿಯೂ ಕ್ಯಾಪ್ಟನ್. ಎರಡು ಎಂಬವನು ಹೊಸದಾಗಿ ಸೇರಿದ ಯಾರೋ ದಾಯಾದಿ, ಅಣ್ಣನ ಹೆಸರು ಪಟ್ಟಿಯಲ್ಲಿರಲಿಲ್ಲ. ಆ ಅಣ್ಣ ಯುದ್ಧಕ್ಕೆ ಮೊದಲೇ ರೆಜಿಮೆಂಟ್ ಬಿಟ್ಟಿರಬೇಕು ಎಂದುಕೊಂಡೆ. ವರದಿ ಒಂದು, ಪಟ್ಟಿ ಒಂದು. ಎರಡು ಮೂಲಗಳಾದವು.

ಆ ದಾಳಿಯನ್ನು ಹಿಂದಿನ ಯಾವ ಕೋಶವೂ ಅವನ ಹೆಸರಿಗೆ ಬರೆದಿರಲಿಲ್ಲ. ಅವನು ಮುಪ್ಪಿನಲ್ಲಿ ಬರೆದ ನೆನಪುಗಳ ಸಣ್ಣ ಪುಸ್ತಕದಲ್ಲೂ ಅದರ ಒಂದು ಸಾಲಿಲ್ಲ. ಹೊಲದ ಕೆಸರು, ಕುದುರೆಗಳ ಕೆಮ್ಮು, ಮೇವಿನ ಕೊರತೆ ಎಲ್ಲಾ ಇದೆ, ದಾಳಿ ಇಲ್ಲ. ನಾನು ಬರೆದೆ: "ಸ್ವಭಾವದಿಂದ ವಿನಯಶೀಲ, ತನ್ನ ಅತ್ಯಂತ ದೊಡ್ಡ ಸಾಹಸವನ್ನು ತಾನೇ ಎಲ್ಲಿಯೂ ಹೇಳಿಕೊಳ್ಳಲಿಲ್ಲ." ಸಂಪಾದಕಿ ಆ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಅಂಚಿನಲ್ಲಿ ಸರಿ ಗುರುತು ಹಾಕಿದರು. ಅವರು ಸರಿ ಗುರುತು ಹಾಕಿದ್ದನ್ನು ಯಾರೂ ನೋಡಿರಲಿಲ್ಲವಂತೆ.

"ಕಡೀಕೂ ಲಾಯದಿಂದ ಹೊರಗ ಬಿದ್ದ ಮಗಾ!" ಎಂದ ಅಣ್ಣ. ಅವತ್ತು ವೈನಿಯಿಂದ ಎರಡನೆಯ ಸಲ ಚಹಾ ಮಾಡಿಸಿದ. "ನೋಡಲೇ, ನಿನ್ನ ಪರ್ಮಿಟ್ ಆತು ಅಂತ ತಿಳಕೋ. ಆ ಸಾಹೇಬ ಕುದುರಿ ಮ್ಯಾಲೆ ಬಂದು ಸಹಿ ಹಾಕಿ ಹೋಗ್ಯಾನ."

ಟಿಪ್ಪಣಿ ಅಚ್ಚಿಗೆ ಹೋಯಿತು. ಅರ್ಜಿಯನ್ನು ಮುಂದಿನ ತಿಂಗಳು ಹಾಕುವುದು ಎಂದಾಯಿತು.

ಹದಿನೈದು ದಿನಗಳ ನಂತರ, ಒಂದು ಮಂಗಳವಾರ ಬೆಳಿಗ್ಗೆ ಚಹಾದ ವಿರಾಮದಲ್ಲಿ ಅಣ್ಣ ಕ್ಯಾಂಟೀನಿನ ಕುರ್ಚಿಯಲ್ಲಿ ಕೂತವನು ಹಾಗೆಯೇ ಪಕ್ಕಕ್ಕೆ ವಾಲಿದ. ಹೃದಯ. ವಯಸ್ಸು ನಲವತ್ತಮೂರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ನನಗೆ ಸುದ್ದಿ ಬಂದದ್ದು ಆಫೀಸಿನ ಫೋನಿಗೆ. ಸುದ್ದಿ ಹೇಳಿದವರ ಹೆಸರು, ಹುದ್ದೆ, ಸಮಯವನ್ನು ಪ್ಯಾಡಿನ ಮೇಲೆ ಬರೆದುಕೊಂಡೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅಕ್ಷರ ನೆಟ್ಟಗಿದೆ.

ಎಂಟು ದಿನಗಳ ಮೇಲೆ ಕ್ರಿಮೆಟೋರಿಯಂನಲ್ಲಿ ಅರ್ಧ ಗಂಟೆಯ ಸಮಯ ಕೊಟ್ಟರು. ಗಂಡುಮಗ ಇಲ್ಲದ್ದರಿಂದ ಕ್ರಿಯೆ ಮಾಡಿದವನು ನಾನು. ಬೆಂಕಿಯ ಬದಲು ಒಂದು ಗುಂಡಿ ಇತ್ತು, ಅದನ್ನು ಒತ್ತಿದೆ. ಬೆಳಗಾವಿ, ಕಲಬುರಗಿ ಕಡೆಯ ಕೆಲವು ಮನೆಗಳವರು ಬಂದಿದ್ದರು. ಅಣ್ಣನ ಪಾಳಿಯ ಗೆಳೆಯ, ಉಡುಪಿಯ ಕಡೆಯ ಕ್ರೈಸ್ತ, ಕೊಂಕಣಿ ಮನೆಮಾತಿನವರು, ಪುಸ್ತಕದ ಕನ್ನಡದಲ್ಲಿ "ನಿಮ್ಮ ಅಣ್ಣ ಯಾವ ಬ್ಯಾಗನ್ನೂ ಎಸೆಯುತ್ತಿರಲಿಲ್ಲ, ಇಡುತ್ತಿದ್ದರು" ಎಂದರು. ಅದು ನಿಜವೆಂದು ನನಗೆ ಗೊತ್ತಿತ್ತು. ಏನೂ ಅನಿಸಲಿಲ್ಲ. ಏನೂ ಅನಿಸದಿರುವುದನ್ನು ಗಮನಿಸಿದೆ, ಅಷ್ಟೇ.

ಆ ಸಂಜೆ ಧಾರವಾಡದಿಂದ ದೊಡ್ಡಪ್ಪನ ಫೋನು ಬಂತು. ನಮ್ಮ ತಂದೆ ಹೋದ ಮೇಲೆ ಮನೆಯ ಮಾತು ಅವರದೇ. ಕಿವಿ ಮಂದ, ಆದ್ದರಿಂದ ದನಿ ದೊಡ್ಡದು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುತ್ತಿತ್ತು.

"ನೋಡಪಾ, ಅವ ಹೋದ. ಇನ್ನ ಮ್ಯಾಲೆ ಮನಿಗೆ ನೀನs ಹಿರಿಯಾವ. ಕೇಳಸ್ತೇನು?"

"ಕೇಳಸ್ತದರಿ."

"ನೀ ಅಲ್ಲಿರಾಂವ ಇದ್ರ ಆಕೀನೂ ಮಗಳೂ ಅಲ್ಲೇ ಇರಲಿ. ನೀ ಬರಾಂವ ಇದ್ರ ಇಬ್ಬರನ್ನೂ ಕರಕೊಂಡು ಬಾ. ಗಂಡಸರಿಲ್ಲದ ಮನ್ಯಾಗ ಪರದೇಶದಾಗ ಇರೂದು ಬ್ಯಾಡ. ನಿನ್ನ ಪರ್ಮಿಟ್ ಏನಾತು?"

"ಮುಂದಿನ ತಿಂಗಳು ಗೊತ್ತಾಗ್ತದರಿ."

ವೈನಿ ಗೋಡೆಗೆ ಒರಗಿ ಕೂತು ಕೇಳುತ್ತಿದ್ದರು. ದೊಡ್ಡಪ್ಪನ ಮಾತನ್ನು ದೂರದಿಂದ ಮೀರುವುದು ಸುಲಭವಲ್ಲವೇ ಎಂದು ಯಾರಾದರೂ ಕೇಳಬಹುದು. ವೈನಿಯ ಬೆನ್ನಿಗೆ ಬಿದ್ದ ತಂಗಿಯನ್ನು ಕೊಟ್ಟಿದ್ದದ್ದೂ ಅದೇ ಮನೆಗೆ, ದೊಡ್ಡಪ್ಪನ ಮಗನಿಗೆ. ಇಲ್ಲಿ ಅಕ್ಕ ಮಾತು ಮೀರಿದರೆ ಅಲ್ಲಿ ತಂಗಿ ಅದನ್ನು ಉಣ್ಣಬೇಕಿತ್ತು. ನನ್ನ ಪರ್ಮಿಟ್ಟಿನ ಮೇಲೆ ಈಗ ಇಬ್ಬರ ಊರು ನಿಂತಿತ್ತು: ಒಬ್ಬರದು ಒಂಬತ್ತು ವರ್ಷದ ಕೆಲಸ, ಇನ್ನೊಬ್ಬಳದು ಹುಟ್ಟಿದ ಊರು. ಫೋನ್ ಇಟ್ಟ ಮೇಲೆ ವೈನಿ ಕೇಳಿದ್ದು ಒಂದೇ: "ನಿನಗ ಅದು ಸಿಗ್ತದಲ್ಲಾ?"

"ಸಿಗ್ತದರಿ" ಎಂದೆ. ಅಂದಿನ ಮಾಹಿತಿಯ ಪ್ರಕಾರ ಅದು ಸರಿಯಾದ ಉತ್ತರವಾಗಿತ್ತು.

ಒಂದು ವಾರದ ಮೇಲೆ ಕೆಲಸಕ್ಕೆ ಹೋದೆ. ಬೇರೊಬ್ಬ ಸೈನಿಕನ ಟಿಪ್ಪಣಿಗಾಗಿ ಕೊಲಿಂಡೇಲ್‌ಗೆ ಕಳಿಸಿದರು. ಎರಡು ದಿನ ಇಳಿಯುವುದನ್ನು ಮರೆತು ಲೈನಿನ ಕೊನೆಯ ಎಜ್‌ವೇರ್‌ವರೆಗೂ ಹೋಗಿದ್ದೆ. ರೈಲು ಅಲ್ಲಿಯೇ ನಿಂತು, ಹಿಂದಕ್ಕೆ ಹೊರಡುವಾಗ ನನ್ನನ್ನೂ ಕರೆತಂದಿತು. ಮೂರನೆಯ ದಿನ ಎಜ್‌ವೇರ್‌ನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಾಗ ದೊಡ್ಡಪ್ಪನ ಮಾತು ಬೇರೆ ಯಾವುದೋ ಕಡೆಯಿಂದ ಬಂದಂತೆ ತಲೆಯಲ್ಲಿ ಹಾದುಹೋಯಿತು. ಅವ ಹೋದ, ಇನ್ನ ಮ್ಯಾಲೆ ನೀನs ಹಿರಿಯಾವ. ನಿನ್ನೆಯವರೆಗೆ ನಾನು ಎರಡನೆಯವನು. ಇಂದಿನಿಂದ ಒಂದನೆಯವನು. ನಾನು ಏನನ್ನೂ ಮಾಡಲಿಲ್ಲ, ಅಂಕಿ ತಾನೇ ಮೇಲೆ ಬಂತು.

ಪಟ್ಟಿ ಅಚ್ಚಾದದ್ದು ಯುದ್ಧ ಮುಗಿದ ಮೇಲೆ. ವರದಿ ಬರೆದದ್ದು ಯುದ್ಧದ ನಡುವೆ. ಆ ನಡುವಿನ ತಿಂಗಳುಗಳಲ್ಲಿ ಅಂಕಿ ಬದಲಾಗಿರಲಿಲ್ಲ ಎಂಬುದನ್ನು ನಾನು ಎಲ್ಲಿ ನೋಡಿದ್ದೆ?

ಎಲ್ಲಿಯೂ ನೋಡಿರಲಿಲ್ಲ. ಕೊಲಿಂಡೇಲ್‌ಗೆ ಬಂದು, ನನಗೆ ಕೊಟ್ಟ ಕೆಲಸವನ್ನು ಬದಿಗಿಟ್ಟು, ಆ ಕಾಲದ ಜರ್ಮನ್ ಪತ್ರಿಕೆಗಳ ಕಟ್ಟು ತರಿಸಿದೆ. ಸತ್ತವರ ಪಟ್ಟಿಗಳು ಪ್ರತಿ ಸಂಚಿಕೆಯಲ್ಲೂ ಇದ್ದವು. ಊಟದ ಹೊತ್ತು ದಾಟಿದ ಮೇಲೆ ಸಿಕ್ಕಿತು. ಅದೇ ರೆಜಿಮೆಂಟ್, ಅದೇ ಹೆಸರು, ಮುಂದೆ ಒಂದು, ಕ್ಯಾಪ್ಟನ್, ದಾಳಿಯ ಮೂರು ವಾರಗಳ ನಂತರ, ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ, ಆಮಶಂಕೆಯಿಂದ ಮರಣ. ತೋಪುಗಳ ಬಾಯಿಂದ ಬದುಕಿ ಬಂದವನು ಹೊಟ್ಟೆಯ ರೋಗದಿಂದ ಸತ್ತಿದ್ದ. ಅವನು ಸತ್ತ ಮೇಲೆ ತಮ್ಮನ ಹೆಸರಿನ ಮುಂದಿನ ಎರಡು ಒಂದಾಗಿತ್ತು.

ದಾಳಿ ಅಣ್ಣನದು. ಜನರಲ್ ಅದನ್ನು ಹೇಳಿಕೊಳ್ಳದಿದ್ದದ್ದು ವಿನಯದಿಂದಲ್ಲ. ಅವನು ಅದನ್ನು ಮಾಡಿರಲೇ ಇಲ್ಲ. ಕುದುರೆಗಳ ಕೆಮ್ಮು ಮತ್ತು ಮೇವಿನ ಕೊರತೆ ಅವನು ಕಂಡದ್ದಾಗಿತ್ತು, ಕಂಡದ್ದನ್ನು ಬರೆದಿದ್ದ.

ನನ್ನ ಒಂಬೈನೂರು ಪದಗಳಲ್ಲಿ ಸಂಪಾದಕಿ ಮೆಚ್ಚಿದ್ದ ಭಾಗ ಅದೊಂದೇ. ನೂರಕ್ಕೂ ಹೆಚ್ಚು ವರ್ಷ ಯಾರೂ ಹುಡುಕದಿದ್ದುದನ್ನು ಇನ್ನು ಯಾರಾದರೂ ಹುಡುಕುವರೆಂದು ನಂಬಲು ಕಾರಣವಿರಲಿಲ್ಲ. ಅರ್ಜಿ ಹಾಕಲು ಹನ್ನೊಂದು ದಿನ ಉಳಿದಿತ್ತು. ಸುಮ್ಮನಿದ್ದರೆ ಏನಾಗುತ್ತದೆ, ಹೇಳಿದರೆ ಏನಾಗಬಹುದು ಎಂಬುದೆರಡೂ ನನಗೆ ಸ್ಪಷ್ಟವಾಗಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಸಂಪಾದಕಿಯ ಕೋಣೆಗೆ ಹೋಗಿ ಹೇಳಿದೆ. ಧೈರ್ಯದ ಮಾತಲ್ಲ ಇದು. ಆ ದಿನಗಳಲ್ಲಿ ನನಗೆ ಭಯವೂ ಬರುತ್ತಿರಲಿಲ್ಲ. ತಪ್ಪು ಕಂಡರೆ ಡೆಸ್ಕಿಗೆ ಹೇಳುವುದು ಅಭ್ಯಾಸ, ಕಾಲು ಅಭ್ಯಾಸದಂತೆ ನಡೆಯಿತು.

ಸಂಪಾದಕಿ ಪತ್ರಿಕೆಯ ನಕಲನ್ನು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟರು.

"ಇದು ಯಾರಿಗೆ ಗೊತ್ತು?"

"ನನಗೆ. ಈಗ ನಿಮಗೆ."

"ಆ ಹಾಳೆ ಅಚ್ಚಾಗಿ ಬೈಂಡಿಂಗಿಗೆ ಹೋಗಿದೆ, ಅದೂ ಗೊತ್ತಲ್ಲ?"

"ಗೊತ್ತು."

"ಪ್ರತಿಯೊಂದು ಪ್ರತಿಯಿಂದ ಹಾಳೆ ಕತ್ತರಿಸಿ ಹೊಸದನ್ನು ಅಂಟಿಸಬೇಕು. ನಿರ್ದೇಶಕರು ಕಾರಣ ಕೇಳುತ್ತಾರೆ. ನಾನು ಕಾರಣ ಹೇಳಬೇಕಾಗುತ್ತದೆ." ನಕಲನ್ನು ಮಡಚಿ ಫೈಲಿನೊಳಗೆ ಇಟ್ಟರು. "ನೀನು ಇನ್ನೊಂದು ತಿಂಗಳು ಕಾದು ಹೇಳಬಹುದಿತ್ತು, ಮೂರ್ಖ ಹುಡುಗಾ."

ಕಾಯಬಹುದಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಅದನ್ನು ಈಗಲೂ ಯೋಚಿಸುತ್ತೇನೆ.

ನಿರ್ದೇಶಕರ ಪತ್ರ ನಾಲ್ಕು ದಿನಗಳಲ್ಲಿ ಬಂತು. ಪರೀಕ್ಷಾ ಅವಧಿಯನ್ನು ಕೊನೆಗೊಳಿಸಲಾಗಿದೆ, ಪರ್ಮಿಟ್ಟಿಗೆ ಅರ್ಜಿ ಹಾಕಲಾಗುವುದಿಲ್ಲ, ಶುಭವಾಗಲಿ. ಹೊಸ ಹಾಳೆಯನ್ನು ಬರೆದುಕೊಟ್ಟು ಹೋಗಲು ಸಂಪಾದಕಿ ಒಂದು ವಾರ ಕೇಳಿ ಪಡೆದಿದ್ದರು. ದಾಳಿ ಮಾಡಿದ ಅಣ್ಣನಿಗೆ ಪ್ರತ್ಯೇಕ ಟಿಪ್ಪಣಿ ಕೊಟ್ಟೆವು, ಇನ್ನೂರು ಪದ. ಜನರಲ್‌ನ ಟಿಪ್ಪಣಿ ಅಷ್ಟೇ ಕುಗ್ಗಿತು. ಅದರಲ್ಲಿ ಉಳಿದದ್ದು ಶಾಲೆ, ಬಡ್ತಿಗಳು, ಜೀನಿನ ಕೈಪಿಡಿ, ಕವಾಯತು.

ಪತ್ರ ಬಂದ ದಿನ ಶನಿವಾರ. ವೈನಿ ಅಕ್ಕಿ ಆರಿಸುತ್ತಿದ್ದರು. ನಡೆದದ್ದನ್ನು ಮೊದಲಿನಿಂದ ಹೇಳಿದೆ, ಯಾವುದನ್ನೂ ಬಿಡದೆ. ಅವರು ಆರಿಸುವುದನ್ನು ನಿಲ್ಲಿಸಲಿಲ್ಲ.

"ಅಂದ್ರ ನೀನs ಹೋಗಿ ಹೇಳೀದಿ."

"ಹೌದ್ರಿ."

"ಯಾರೂ ಕೇಳಿದ್ದಿಲ್ಲ."

"ಇಲ್ರಿ."

"ಆ ಇಬ್ಬರೂ ಸತ್ತು ಎಷ್ಟು ವರ್ಷಾತು? ಯಾರ ಕುದುರಿ ಓಡಿಸಿದ್ರ ಯಾರಿಗೇನು? ನಾನೂ ನನ್ನ ಮಗಳೂ ಇನ್ನೂ ಸತ್ತಿಲ್ಲಪಾ." ದನಿ ಏರಿರಲಿಲ್ಲ. "ನಿಮ್ಮ ಅಣ್ಣ ಇದ್ದಿದ್ರ ನಿನ್ನ ಬೆನ್ನಿಗೆ ನಾಲ್ಕು ಹಾಕ್ತಿದ್ದ. ಆಮ್ಯಾಲೆ ಛಲೋ ಮಾಡೀದಿ ಅಂತಿದ್ದ. ನಾ ಅನ್ನೂದಿಲ್ಲ."

ಮಗಳು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಆರ್ ವೀ ಗೋಯಿಂಗ್ ಟು ಇಂಡಿಯಾ?" ಎಂದಳು.

"ಹೋಗಿ ಓದ್ಕೋ" ಎಂದರು ವೈನಿ.

ಭಾನುವಾರ ಮಧ್ಯಾಹ್ನ ದೊಡ್ಡಪ್ಪನ ಫೋನು ಬರುವ ಹೊತ್ತು. ನಾನು ಹೇಳಬೇಕಾದ ಮಾತುಗಳನ್ನು ಕ್ರಮವಾಗಿ ಜೋಡಿಸಿಕೊಂಡು ಕೂತಿದ್ದೆ. ಗಂಟೆ ಬಾರಿಸಿದಾಗ ವೈನಿ ಅಡುಗೆಮನೆಯಿಂದ ಬಂದು, ನನ್ನ ಕೈ ತಲುಪುವ ಮೊದಲೇ ರಿಸೀವರ್ ಎತ್ತಿಕೊಂಡರು. ಮಾವನವರೊಂದಿಗೆ ಅವರು ನೇರ ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಮಾವಾರ, ನಾನ್ರಿ. ಎಲ್ಲಾ ಅರಾಮ ಅದೀವ್ರಿ. ಅವನ ಪರ್ಮಿಟ್ ಬಂತ್ರಿ. ಹೌದ್ರಿ, ಬಂತು! ನಾವು ಇಲ್ಲೇ ಇರ್ತೀವ್ರಿ." ಆ ಕಡೆಯ ದನಿ ಏನೋ ಕೇಳಿತು. ವೈನಿ ರಿಸೀವರನ್ನು ನನ್ನ ಕಡೆ ಚಾಚಿದರು. ಕಣ್ಣನ್ನು ನನ್ನ ಮುಖದ ಮೇಲಿಂದ ತೆಗೆಯಲಿಲ್ಲ. "ನಿನ್ನ ಬಾಯಿಂದ ಕೇಳಬೇಕಂತ."

"ಏನಪಾ, ಖರೇನೇನು? ಸಿಕ್ತೇನು?" ಎಂದು ಕೂಗಿದರು ದೊಡ್ಡಪ್ಪ.

ಎರಡು ಮೂಲಗಳು ಸಾಕೆಂದು ಅವರಿಗೆ ಕಲಿಸಿದ್ದು ನಾನಲ್ಲ.

"ಹೌದ್ರಿ ದೊಡ್ಡಪ್ಪ" ಎಂದೆ. "ಸಿಕ್ತ್ರಿ."

ವೀಸಾ ಮುಗಿಯುವ ಮೊದಲು ನಾನು ಮುಂಬಯಿಗೆ ಬಂದು ಒಂದು ಸುದ್ದಿಸಂಸ್ಥೆ ಸೇರಿದೆ. ದೊಡ್ಡಪ್ಪನ ಲೆಕ್ಕದಲ್ಲಿ ಲಂಡನ್ನಿನಲ್ಲೇ ಇದ್ದೆ. ತಿಂಗಳಿಗೊಂದು ಕಾಗದ ಬರೆದು ಫೆಲ್ಥಮ್‌ಗೆ ಕಳಿಸುತ್ತಿದ್ದೆ. ವೈನಿ ಅದನ್ನು ಬೇರೆ ಲಕೋಟೆಗೆ ಹಾಕಿ ಅಲ್ಲಿನ ಅಂಚೆಚೀಟಿ ಹಚ್ಚಿ ಧಾರವಾಡಕ್ಕೆ ಕಳಿಸುತ್ತಿದ್ದರು. ಹಬ್ಬಕ್ಕೆ ಫೋನು ಬಂದರೆ ಮಗಳು ಎತ್ತಿ "ಕಾಕಾ ಈಸ್ ಅಟ್ ವರ್ಕ್" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಅವಳ ಇಂಗ್ಲಿಷಿಗೆ ದೊಡ್ಡಪ್ಪನ ಹತ್ತಿರ ಮರುಪ್ರಶ್ನೆ ಇರುತ್ತಿರಲಿಲ್ಲ. ಎರಡು ಸಲ ನಾನೇ ಧಾರವಾಡಕ್ಕೆ ಹೋದೆ, ಲಂಡನ್ನಿನಿಂದ ಬಂದವನ ಹಾಗೆ, ವೈನಿ ಪಾರ್ಸೆಲ್ ಮಾಡಿದ್ದ ಚಾಕೊಲೇಟ್ ಹಿಡಿದುಕೊಂಡು. ಚಳಿ ಹೇಗಿದೆ ಎಂದು ಕೇಳಿದರು. ಹೇಳಿದೆ.

ಹೀಗೆ ಹತ್ತು ವರ್ಷ ನಡೆಯಿತು. ಎರಡು ಸಾವಿರದ ದಶಕದ ನಡುವೆ, ಒಂದು ಬೇಸಿಗೆಯ ಬೆಳಿಗ್ಗೆ ದೊಡ್ಡಪ್ಪ ತೀರಿಕೊಂಡರು. ಧಾರವಾಡದವರು ಸುದ್ದಿಯನ್ನು ಮೊದಲು ತಿಳಿಸಿದ್ದು ಫೆಲ್ಥಮ್‌ಗೆ, ಅವರ ಲೆಕ್ಕದಲ್ಲಿ ನಾನಿರುವ ಮನೆಗೆ. ಅಲ್ಲಿಂದ ವೈನಿ ಮುಂಬಯಿಯ ನನ್ನ ಆಫೀಸಿಗೆ ಫೋನು ಮಾಡಿದರು. ಯಾವಾಗ, ಎಷ್ಟು ಹೊತ್ತಿಗೆ, ಯಾರು ಹತ್ತಿರವಿದ್ದರು, ಎಲ್ಲಾ ಹೇಳಿದರು. ನಾನು ಬರೆದುಕೊಂಡೆ. ಶಾಲೆಯ ಅಡುಗೆಮನೆಯಲ್ಲಿ ಈಗ ಅವರೇ ಮೇಲ್ವಿಚಾರಕಿ, ಹಿಂದಿನಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಈ ತಿಂಗಳ ಕಾಗದ ಬರದೀಯೇನು?" ಎಂದರು.

"ಅರ್ಧ ಆಗ್ಯಾದರಿ."

"ಬಿಡು ಹಂಗಾರ" ಎಂದರು ವೈನಿ. "ಇನ್ನ ಮ್ಯಾಲೆ ಕಳಸೂದು ಬ್ಯಾಡ."